ಟಿಎಸ್‌ಎಚ್ ಕಡಿಮೆ, ಉಳಿದದ್ದೆಲ್ಲ ನಾರ್ಮಲ್: ಕಾಯೋದಾ, ಮಾತ್ರೆಯಾ, ಅಯೋಡಿನ್ನಾ?

ಥೈರಾಯ್ಡ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಅದು ಮಂದವಾಗುವ ಕಥೆ. ದಪ್ಪಗಾಗೋದು, ಸುಸ್ತು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ. ನನ್ನದು ಉಲ್ಟಾ. ಥೈರಾಯ್ಡ್ ಗ್ರಂಥಿ ತಯಾರಿಸುವ ಹಾರ್ಮೋನ್‌ಗಳಾದ ಟಿ3, ಟಿ4 ಎರಡೂ ಸರಿಯಿದ್ದವು, ಆ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್ ಟಿಎಸ್‌ಎಚ್ ಮಾತ್ರ 0.2. ಅದು ಹೆಚ್ಚುಕಡಿಮೆ 0.4ರಿಂದ 4ರ ಒಳಗಿರಬೇಕು. ಗ್ರಂಥಿ ಸ್ವಲ್ಪ ಜಾಸ್ತಿ ಕೆಲಸ ಮಾಡುತ್ತಿದೆ, ಅದಕ್ಕೇ ಟಿಎಸ್‌ಎಚ್ ಕಳಿಸುವ ಪಿಟ್ಯುಟರಿ (ಮೆದುಳಿನ ಬುಡದಲ್ಲಿರುವ ಗ್ರಂಥಿ) ತನ್ನ ಕಡೆಯಿಂದ ಒತ್ತಾಯ ಮಾಡೋದನ್ನು ಕಡಿಮೆ ಮಾಡಿದೆ, ಅಷ್ಟೇ. ಒಬ್ಬ ಡಾಕ್ಟರು ಏನೂ ಬೇಡ ಅಂದರು, ಇನ್ನೊಬ್ಬರು ಇವತ್ತೇ ಶುರು ಮಾಡಿ ಅಂದರು. ಕೊನೆಗೆ ಕಾಯೋದು, ಎರಡು ಥರದ ಮಾತ್ರೆ, ರೇಡಿಯೋ ಅಯೋಡಿನ್, ಹೀಗೆ ನಾಲ್ಕೂ ದಾರಿಯಲ್ಲಿ ಓಡಾಡಿ ಬಂದೆ. ನನಗೆ ಐವತ್ತು ದಾಟಿದೆ, ಮುಟ್ಟು ನಿಂತಿದೆ. ಇದನ್ನು ನೆನಪಿಟ್ಟುಕೊಂಡು ಓದಿ, ಯಾಕೆಂದರೆ ಇಪ್ಪತ್ತೈದರ ಹುಡುಗಿಗೆ ನನ್ನ ಲೆಕ್ಕ ಹೊಂದೋದಿಲ್ಲ.

ಮೊದಲು ಕಾಯುವುದು. ಖರ್ಚು ಕಡಿಮೆ, ಅಡ್ಡ ಪರಿಣಾಮ ಇಲ್ಲ. ಹಾಗಂತ ಸುಮ್ನೆ ಕೂರೋದಲ್ಲ, ಮೂರರಿಂದ ಆರು ತಿಂಗಳೊಳಗೆ ಮತ್ತೆ ರಕ್ತ ಕೊಡಲೇಬೇಕು. 0.1ರಿಂದ 0.4ರ ನಡುವೆ ಇರುವ ಎಷ್ಟೋ ಜನರದ್ದು ತಾನಾಗಿಯೇ ಸರಿಹೋಗುತ್ತದೆ. ಗ್ರಂಥಿಗೆ ಉರಿಯೂತ ಬಂದು ಹೋದವರಲ್ಲಂತೂ ಹಾಗಾಗೋದು ಮಾಮೂಲಿ. ಇನ್ನೊಂದು ವಿಷಯ, ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಕೆಲವು ಲ್ಯಾಬ್‌ಗಳ ಪರೀಕ್ಷೆಯಲ್ಲಿ ಟಿಎಸ್‌ಎಚ್ ಸುಳ್ಳುಸುಳ್ಳೇ ಕಡಿಮೆ ತೋರಿಸುತ್ತದೆ. ಎರಡು ಮೂರು ದಿನ ಮೊದಲೇ ನಿಲ್ಲಿಸಿ ರಕ್ತ ಕೊಡಿ. ಥೈರಾಯ್ಡ್ ಮಂದವಾದವರು ನುಂಗುವ ಥೈರಾಕ್ಸಿನ್ ಮಾತ್ರೆಯ ಡೋಸ್ ಜಾಸ್ತಿಯಾದವರಿಗೂ ಹೀಗೇ ಬರುತ್ತದೆ, ಅವರು ಡಾಕ್ಟರಿಗೆ ಹೇಳಿ ಡೋಸ್ ಇಳಿಸಿಕೊಂಡರೆ ಮುಗಿಯಿತು. ಈ ಎರಡೂ ನನಗೆ ಅನ್ವಯಿಸಲಿಲ್ಲ. ಕಾಯುವ ಕಾಲದಲ್ಲಿ ನನಗೆ ಕಷ್ಟವಾಗಿದ್ದು ರಾತ್ರಿ. ಎಡಮಗ್ಗುಲಾಗಿ ಮಲಗಿದರೆ ಎದೆ ಡವಡವ ದಿಂಬಿನಲ್ಲೇ ಕೇಳುತ್ತಿತ್ತು.

ಅದಕ್ಕೆ ಬಂದದ್ದು ಪ್ರೊಪ್ರನೊಲಾಲ್, 10 ಮಿಲಿಗ್ರಾಂ. ನಾಲ್ಕರಲ್ಲಿ ಬೇಗ ಗುಣ ಕಾಣಿಸಿದ್ದು ಇದೇ. ರವಿಕೆಗೆ ಹುಕ್ ಹಾಕಲು ಕೂತರೆ ದಾರದ ತುದಿ ಸೂಜಿಯ ಕಣ್ಣಿನ ಆಚೆ ಈಚೆ ಕುಣಿಯುತ್ತಿತ್ತು. ಮಾತ್ರೆ ತೆಗೆದುಕೊಂಡು ಮನೆಕೆಲಸ ಒಂದಿಷ್ಟು ಮುಗಿಸಿ ಬಂದು ಕೂತರೆ ಒಂದೇ ಸಲಕ್ಕೆ ಹೋಗುತ್ತಿತ್ತು. ಆದರೆ ಇದು ನಡುಕ, ಎದೆಬಡಿತ ಅಡಗಿಸುತ್ತದೆಯೇ ಹೊರತು ಗ್ರಂಥಿಯ ತಂಟೆಗೆ ಹೋಗೋದಿಲ್ಲ. ಆಸ್ತಮಾ ಇದ್ದವರು ಮೊದಲೇ ಹೇಳಿಬಿಡಬೇಕು, ಅವರಿಗೆ ಇದು ಆಗಿಬರೋದಿಲ್ಲ.

ಇಷ್ಟರಲ್ಲಿ ಟಿಎಸ್‌ಎಚ್ 0.06ಕ್ಕೆ ಇಳಿಯಿತು. ಟಿ4 ಆಗಲೂ ನಾರ್ಮಲ್. ನನಗೆ ಮೈ ಪರವಾಗಿಲ್ಲ ಅನ್ನಿಸುತ್ತಿತ್ತು, ಪ್ರೊಪ್ರನೊಲಾಲ್ ಒಂದೇ ಸಾಕು ಅಂತ ವಾದ ಮಾಡಿದೆ ಕೂಡ. ಡಾಕ್ಟರು ವಾದಕ್ಕೆ ಬರದೆ ಮೂಳೆ ಎಷ್ಟು ಗಟ್ಟಿ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು. ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 2.6. ಮೈನಸ್ 2.5ಕ್ಕೆ ಬಂದರೇ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನ್ ಇಳಿದು ಮೂಳೆ ಹೇಗೂ ಸವೆಯುತ್ತದೆ, ಅದರ ಮೇಲೆ ಥೈರಾಯ್ಡ್ ಇನ್ನಷ್ಟು ಕೆರೆಯುತ್ತದೆ. ಇನ್ನೊಂದು ಭಯ ಹೃದಯದ್ದು. ಬಡಿತದ ಲಯ ತಪ್ಪಿದರೆ ಒಳಗೆ ರಕ್ತ ಹೆಪ್ಪುಗಟ್ಟಿ ಲಕ್ವದವರೆಗೂ ಹೋಗಬಹುದು. 65 ದಾಟಿದವರು, ಹೃದ್ರೋಗ ಅಥವಾ ಮೂಳೆ ಸವೆತ ಇದ್ದವರು, ಟಿಎಸ್‌ಎಚ್ 0.1ಕ್ಕಿಂತ ಕೆಳಗೇ ಉಳಿದರೆ ಚಿಕಿತ್ಸೆ ಮಾಡಿಸಿ ಅನ್ನೋದು ಇದಕ್ಕೇ. ಅಂದರೆ ನಿರ್ಧಾರ ಮಾಡಿದ್ದು ನನ್ನ ಮೈಯಲ್ಲಿ ಏನನ್ನಿಸುತ್ತಿತ್ತು ಅನ್ನೋದಲ್ಲ, ನನ್ನ ಬೆನ್ನುಮೂಳೆ.

ಮೂರನೆಯದು ಕಾರ್ಬಿಮಜೋಲ್, 5 ಮಿಲಿಗ್ರಾಂ. ಇದು ಹಾರ್ಮೋನ್ ತಯಾರಾಗೋದನ್ನೇ ತಡೆಯುತ್ತದೆ. ಶುರುವಿನಲ್ಲಿ ಮೈ ತುರಿಸಿತು, ಆಮೇಲೆ ಹೋಯಿತು. ಭಯ ಹುಟ್ಟಿಸುವ ಅಡ್ಡ ಪರಿಣಾಮ ಒಂದಿದೆ, ಅಪರೂಪ ಆದರೂ ಗೊತ್ತಿರಬೇಕು: ರಕ್ತದ ಬಿಳಿಕಣ ಕುಸಿಯಬಹುದು. ಗಂಟಲು ನೋವು, ಜ್ವರ ಬಂದರೆ ಕಷಾಯ ಕುಡಿದು ನೋಡೋಣ ಅನ್ನಬೇಡಿ, ಮಾತ್ರೆ ನಿಲ್ಲಿಸಿ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಇನ್ನೊಂದು, ಟಿಎಸ್‌ಎಚ್ ಮೇಲೇಳಲು ತಿಂಗಳುಗಟ್ಟಲೆ ತೆಗೆದುಕೊಳ್ಳಬಹುದು, ಮೊದಮೊದಲು ನೋಡಬೇಕಾದ್ದು ಟಿ3, ಟಿ4.

ಮಾತ್ರೆ ಕೆಲಸ ಮಾಡಿತು. ತೊಂದರೆ ಬೇರೆ. ಗ್ರಂಥಿಯ ಯಾವ ಭಾಗ ಜಾಸ್ತಿ ಕೆಲಸ ಮಾಡುತ್ತಿದೆ ಅಂತ ತೋರಿಸುವ ಟೆಕ್ನೀಷಿಯಂ ಸ್ಕ್ಯಾನ್ ಮೊದಲೇ ಮಾಡಿಸಿದ್ದೆ, ಅದರಲ್ಲಿ ಬಲಗಡೆ ಒಂದೇ ಕಪ್ಪು ಚುಕ್ಕೆ, ಉಳಿದ ಗ್ರಂಥಿ ಕಂಡೂ ಕಾಣದ ಹಾಗೆ ಮಸುಕು. ಎಲ್ಲ ಅಲ್ಲಿದ್ದ, ತನ್ನಷ್ಟಕ್ಕೆ ಹಾರ್ಮೋನ್ ಸುರಿಸುತ್ತಿದ್ದ ಒಂದು ಗಂಟಿನ ಕೆಲಸ. ದೇಹದ ರೋಗನಿರೋಧಕ ಶಕ್ತಿಯೇ ಇಡೀ ಗ್ರಂಥಿಯನ್ನು ಕೆರಳಿಸುವ ಗ್ರೇವ್ಸ್ ಕಾಯಿಲೆಯಾದರೆ 12ರಿಂದ 18 ತಿಂಗಳು ಮಾತ್ರೆ ನುಂಗಿದ ಮೇಲೆ ಕೆಲವರಿಗೆ ಪೂರ್ತಿ ಬಿಟ್ಟುಹೋಗುತ್ತದೆ. ಗಂಟು ಹಾಗಲ್ಲ, ಮಾತ್ರೆ ಬಿಟ್ಟರೆ ಮತ್ತೆ ಶುರು. ಜೀವನಪೂರ್ತಿ ನುಂಗೋದಾ ಅಂತ ಕೇಳಿದಾಗ ನನಗೇ ಉತ್ತರ ಗೊತ್ತಿತ್ತು.

ಹಾಗಾಗಿ ರೇಡಿಯೋ ಅಯೋಡಿನ್, ಅಂದರೆ ವಿಕಿರಣ ಸೂಸುವ ಅಯೋಡಿನ್. ಗಂಟು ಅದನ್ನು ಹೀರಿಕೊಂಡು ಒಳಗಿಂದಲೇ ಸುಟ್ಟುಹೋಗುತ್ತದೆ. ಹೆಸರು ಕೇಳಿ ಮನೆಯವರೆಲ್ಲ ಬೆಚ್ಚಿದರು. ನಡೆದದ್ದು ಇಷ್ಟೇ: ಸೀಸದ ಡಬ್ಬಿಯಿಂದ ಒಂದು ಕ್ಯಾಪ್ಸೂಲ್, ನೀರು, ನುಂಗಿದೆ, ಮನೆಗೆ ಬಂದೆ. ಕೆಲವು ದಿನ ಬೇರೆ ಮಂಚ, ಶೌಚಾಲಯದಲ್ಲಿ ಎರಡೆರಡು ಸಲ ಫ್ಲಶ್, ಮೊಮ್ಮಗುವನ್ನು ಎತ್ತಿಕೊಳ್ಳುವ ಹಾಗಿಲ್ಲ. ನಾಲ್ಕರಲ್ಲಿ ನನಗೆ ಅತಿ ಕಷ್ಟ ಅನ್ನಿಸಿದ್ದು ಈ ಕೊನೆಯದೇ, ಬಾಗಿಲ ಹತ್ತಿರ ನಿಂತು ಕೈ ಚಾಚುತ್ತಿತ್ತು ಪಾಪ. ಗುಣ ಕಾಣಲು ವಾರಗಳು, ತಿಂಗಳುಗಳೇ ಬೇಕು. ಆಮೇಲೆ ಥೈರಾಯ್ಡ್ ಮಂದವಾಗಬಹುದು. ಗ್ರೇವ್ಸ್‌ನವರಿಗೆ ಅದು ಬಹುಪಾಲು ಆಗಿಯೇ ಆಗುತ್ತದೆ, ಗಂಟಿನವರಿಗೆ ಅಷ್ಟಿಲ್ಲ. ನನಗೆ ಇಲ್ಲಿಯವರೆಗೆ ಆಗಿಲ್ಲ.

ನನ್ನ ಚಿಕ್ಕಮ್ಮನ ಮಗಳಿಗೂ ಇದೇ ರಿಪೋರ್ಟ್ ಬಂತು, ಟಿಎಸ್‌ಎಚ್ 0.3. ಅವಳು ನನ್ನ ಕಥೆ ಕೇಳಿ ಅಯೋಡಿನ್ ಬೇಕಾ ಅಕ್ಕ ಅಂತ ಫೋನ್ ಮಾಡಿದಳು. ಮಗು ಬೇಕು ಅಂತ ಪ್ಲಾನ್ ಮಾಡುತ್ತಿರುವವಳು. ಅಯೋಡಿನ್ ತೆಗೆದುಕೊಂಡರೆ ಕನಿಷ್ಠ ಆರು ತಿಂಗಳು ಗರ್ಭ ನಿಲ್ಲಬಾರದು, ಕಾರ್ಬಿಮಜೋಲ್ ಮೊದಲ ಮೂರು ತಿಂಗಳ ಭ್ರೂಣಕ್ಕೆ ಒಳ್ಳೆಯದಲ್ಲ. ಎರಡೂ ಬೇಡ, ಮೊದಲು ಗರ್ಭ ನಿಂತಿದೆಯಾ ನೋಡಿಕೋ, ಶುರುವಿನ ತಿಂಗಳುಗಳಲ್ಲಿ ಟಿಎಸ್‌ಎಚ್ ತಾನಾಗಿಯೇ ಇಳಿಯುತ್ತೆ, ಆಮೇಲೆ ಡಾಕ್ಟರ ಹತ್ತಿರ ಹೋಗು ಅಂದೆ. ಇಲ್ಲ ಅಂತ ಬಂತು. ಈಗ ಅವಳು ಕಾಯುತ್ತಿದ್ದಾಳೆ, ಮುಂದಿನ ರಕ್ತ ಪರೀಕ್ಷೆ ದೀಪಾವಳಿ ಕಳೆದ ಮೇಲೆ.