ಒಂದೇ ಸಂಖ್ಯೆಯೋ, ಬಿಡಿ ಸಂಖ್ಯೆಗಳೋ

ಮಂಡ್ಯ ಸುತ್ತಲಿನ ಹಳ್ಳಿಗಳ ಹಾಲಿನ ಡೇರಿಗಳಿಗಾಗಿ ಮೈಸೂರಿನಲ್ಲಿ ನಾವು ಐವರು ರೂಪಿಸುತ್ತಿರುವ ತಂತ್ರಾಂಶದಲ್ಲಿ ನಾಲ್ಕು ಭಾಗಗಳಿವೆ: ತೂಕ ಮತ್ತು ಫ್ಯಾಟ್ ಓದುವ ಪ್ರೋಗ್ರಾಂ, ಬಟವಾಡೆ ಲೆಕ್ಕದ ಲೈಬ್ರರಿ (ಆ್ಯಪ್ ಮತ್ತು ಸರ್ವರ್ ಎರಡೂ ಬಳಸುವ ಕೋಡ್), ಸರ್ವರ್, ಕಾರ್ಯದರ್ಶಿಗಳ ಮೊಬೈಲ್ ಆ್ಯಪ್. ಇವುಗಳ ಆವೃತ್ತಿ ಸಂಖ್ಯೆಗಳನ್ನು ಎರಡು ವರ್ಷಗಳಲ್ಲಿ ಮೂರು ಬಗೆಯಾಗಿ ನಿರ್ವಹಿಸಿ ನೋಡಿದ್ದೇವೆ.

ಮೊದಲು ನಾಲ್ಕಕ್ಕೂ ಒಂದೇ ಸಂಖ್ಯೆ ಕೊಟ್ಟು ಒಟ್ಟಿಗೆ ಬಿಡುಗಡೆ ಮಾಡಿದೆವು. ವೆಬ್ ಆ್ಯಪ್ ಕಟ್ಟಲು ಬಳಸುವ ಆ್ಯಂಗ್ಯುಲರ್ ಎಂಬ ತಂತ್ರಾಂಶ ಯೋಜನೆಯದೂ ಇದೇ ದಾರಿ. ಪುಟದಿಂದ ಪುಟಕ್ಕೆ ಒಯ್ಯುವ ಅದರ ರೌಟರ್ ಭಾಗ ಆಗಲೇ 3ಕ್ಕೆ ಏರಿದ್ದರಿಂದ, ಎಲ್ಲ ಭಾಗಗಳನ್ನೂ ಸಮಗೊಳಿಸಲು 2017ರಲ್ಲಿ ಅವರು 2ರಿಂದ ನೇರವಾಗಿ 4ಕ್ಕೆ ಹೋದರು. ಕಾರ್ಯದರ್ಶಿ ಫೋನಿನಲ್ಲಿ ಒಂದು ಸಂಖ್ಯೆ ಹೇಳಿದರೆ ನಮಗೆ ಎಲ್ಲವೂ ತಿಳಿಯುತ್ತಿತ್ತು. ಆದರೆ ಆ್ಯಪಿನಲ್ಲಿ ಒಂದು ಕಾಗುಣಿತ ತಿದ್ದಿದರೂ ಏನೂ ಬದಲಾಗದ ತೂಕದ ಪ್ರೋಗ್ರಾಂ ಹೊಸ ಸಂಖ್ಯೆ ಪಡೆಯುತ್ತಿತ್ತು, ಅದನ್ನು ಹಾಕಲು ನಮ್ಮ ಹುಡುಗರು ಊರೂರು ಸುತ್ತಬೇಕಾಗುತ್ತಿತ್ತು.

ಆದ್ದರಿಂದ ಆವೃತ್ತಿಗೆ ಮೂರು ಅಂಕಿ ಕೊಡುವ ಸೆಮ್‌ವರ್ ನಿಯಮದಂತೆ ಪ್ರತಿ ಭಾಗಕ್ಕೂ ತನ್ನದೇ ಸಂಖ್ಯೆ ಕೊಟ್ಟೆವು: ಹೊಂದಾಣಿಕೆ ಮುರಿದರೆ ಮೊದಲ ಅಂಕಿ, ಹೊಸ ಸೌಲಭ್ಯ ಸೇರಿದರೆ ಎರಡನೆಯದು, ದೋಷ ತಿದ್ದಿದರೆ ಮೂರನೆಯದು ಏರುತ್ತದೆ. ನಾವು ಎಡವಿದ್ದು ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯಲ್ಲಿ. ಪೈಸೆಯನ್ನು ಪೂರ್ಣಾಂಕಕ್ಕೆ ತರುವ ವಿಧಾನ ಬದಲಿಸಿ ಲೈಬ್ರರಿಯನ್ನು 0.4ರಿಂದ 0.5ಕ್ಕೆ ಏರಿಸಿದ್ದೆವು. ಲೈಬ್ರರಿಗಳನ್ನು ತರಿಸಿಕೊಡುವ ಎನ್‌ಪಿಎಂ ಸಾಧನದಲ್ಲಿ, ಹೊಂದುವ ಹೊಸ ಆವೃತ್ತಿಯೂ ಆದೀತು ಎಂದು ಹೇಳುವ ಕ್ಯಾರೆಟ್ (^) ಚಿಹ್ನೆಯನ್ನು 1.4ರ ಎಡಕ್ಕೆ ಹಾಕಿದರೆ 1.5 ಒಳಬರುತ್ತದೆ, 0.4ರ ಎಡಕ್ಕೆ ಹಾಕಿದರೆ 0.5 ಒಳಬರುವುದಿಲ್ಲ. ಆ್ಯಪಿನಲ್ಲಿ ನಾವು ಸಂಖ್ಯೆಯನ್ನು ಕೈಯಾರೆ 0.5ಕ್ಕೆ ತಿದ್ದಿದ್ದೆವು, ಸರ್ವರ್ ಮಾತ್ರ ಹಳೆಯ ಲೈಬ್ರರಿಯಲ್ಲೇ ಉಳಿದಿತ್ತು. ಆ್ಯಪಿನ ಚೀಟಿಯ ಮೊತ್ತಕ್ಕೂ ಸರ್ವರ್‌ನ ಬಟವಾಡೆ ಪಟ್ಟಿಯ ಮೊತ್ತಕ್ಕೂ ಒಂದೊಂದು ರೂಪಾಯಿಯ ವ್ಯತ್ಯಾಸ ಬಂತು. ಹಾಲು ಹಾಕುವವರಿಗೆ ಅದು ಸಣ್ಣ ಮಾತಲ್ಲ, ಲೆಕ್ಕದ ಮೇಲಿನ ನಂಬಿಕೆಯೇ ಅಲುಗಾಡುತ್ತದೆ. ಬಳಿಕ ಆವೃತ್ತಿ ಸಂಖ್ಯೆಗಳನ್ನು ತಾನೇ ಏರಿಸುವ ಚೇಂಜ್‌ಸೆಟ್ಸ್ ಸಾಧನವನ್ನು ಅಳವಡಿಸಿಕೊಂಡೆವು. ಯಾವ ಭಾಗ, ಎಷ್ಟು ದೊಡ್ಡ ಬದಲಾವಣೆ ಎಂಬುದನ್ನು ಕೋಡ್ ಬರೆದವರೇ ಒಂದು ಸಣ್ಣ ಕಡತದಲ್ಲಿ ದಾಖಲಿಸಬೇಕು. ಒಂದು ಭಾಗದ ಹೊಸ ಸಂಖ್ಯೆ, ಅದನ್ನು ಬಳಸುವ ಭಾಗಗಳು ಒಪ್ಪುವ ಮಿತಿಯನ್ನು ದಾಟಿದರೆ, ಆ ಭಾಗಗಳ ಸಂಖ್ಯೆಗಳನ್ನೂ ಸಾಧನ ಏರಿಸುತ್ತದೆ.

ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆಯ 24.04 ಎಂದರೆ 2024ರ ಏಪ್ರಿಲ್ ಎಂಬಂತಹ ದಿನಾಂಕದ ಪದ್ಧತಿಯನ್ನೂ ಕೆಲವು ತಿಂಗಳು ನೋಡಿದೆವು. ಅದು ವಯಸ್ಸನ್ನು ಹೇಳುತ್ತದೆ, ಹೊಂದಾಣಿಕೆಯನ್ನು ಹೇಳುವುದಿಲ್ಲ.

ಈಗ ಒಳಗೆ ಬಿಡಿ ಸಂಖ್ಯೆಗಳನ್ನೇ ಉಳಿಸಿ, ಒಟ್ಟಿಗೆ ಪರೀಕ್ಷೆಯಾದ ನಾಲ್ಕು ಸಂಖ್ಯೆಗಳನ್ನು ನಮೂದಿಸಿದ ಕಡತಕ್ಕೆ ಮಾತ್ರ ದಿನಾಂಕದ ಹೆಸರು ಕೊಡುತ್ತೇವೆ. ಆ್ಯಪಿನ ಮೊದಲ ಪರದೆಯಲ್ಲಿ ಕಾರ್ಯದರ್ಶಿಗೆ ಕಾಣುವುದು ಅದೊಂದೇ. ಪ್ರತಿ ಕಡತಕ್ಕೂ ಅರ್ಧ ದಿನದ ಪರೀಕ್ಷೆ ಬೇಕಾಗುತ್ತದೆ; ಆ ಅರ್ಧ ದಿನವನ್ನು ಉಳಿಸಲು ನಾನು ಒಪ್ಪುವುದಿಲ್ಲ.