ಕೀಟೊ ಹಿಟ್ಟಿನ ಪೊಟ್ಟಣಕ್ಕೆ ದುಡ್ಡು ಕೊಡುವ ಮೊದಲು

ಕಾರ್ಬ್ (ಅನ್ನ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್) ತೀರಾ ಕಡಿಮೆ ಮಾಡುವ ಕೀಟೊ ಪಥ್ಯಕ್ಕೆ ಹೊರಟವರು ಮೊದಲು ಕೈಹಾಕುವುದು 'ಕೀಟೊ ಆಟಾ' ಎಂದು ಬರೆದ ಪೊಟ್ಟಣಕ್ಕೆ. ಬೆಲೆ ಗೋಧಿ ಹಿಟ್ಟಿನ ಹಲವು ಪಟ್ಟು. ಅಷ್ಟು ಕೊಡಬಹುದೇ ಎನ್ನುವುದು ಪೊಟ್ಟಣದ ಹಿಂಬದಿ ಓದಿದರೆ ಗೊತ್ತಾಗುತ್ತದೆ. ನಮ್ಮಲ್ಲಿ ಲೇಬಲ್ ಮೇಲಿನ ಸಾಮಗ್ರಿಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಅಚ್ಚು ಹಾಕಬೇಕು ಎಂಬ ನಿಯಮವಿದೆ. ಮೊದಲ ಎರಡು ಹೆಸರುಗಳಲ್ಲಿ ಗೋಧಿ, ಓಟ್ಸ್ ಅಥವಾ ಕಡಲೆ ಹಿಟ್ಟು ಕಂಡರೆ ಅಲ್ಲೇ ವಾಪಸ್ ಇಡಿ. ಕಡಲೆ ಹಿಟ್ಟಿನಲ್ಲಿ ಪ್ರೋಟೀನ್ ಚೆನ್ನಾಗಿದ್ದರೂ 100 ಗ್ರಾಂಗೆ 58 ಗ್ರಾಂನಷ್ಟು ಕಾರ್ಬ್ ಇದೆ. ಬಾದಾಮಿ, ಸೋಯಾ, ಅಗಸೆ, ಇಸಬ್ಗೋಲ್ (ನೀರಲ್ಲಿ ಲೋಳೆಯಾಗುವ ಬೀಜದ ಹೊಟ್ಟು), ಗೋಧಿ ಗ್ಲುಟೆನ್ (ಗೋಧಿಯಿಂದ ಬೇರ್ಪಡಿಸಿದ ಅಂಟು ಪ್ರೋಟೀನ್) ಇವು ಮೇಲಿನ ಸಾಲಿನಲ್ಲಿದ್ದರೆ ಆ ಹಿಟ್ಟು ಹೇಳಿದ ಕೆಲಸ ಮಾಡುತ್ತದೆ. ಚಪಾತಿ ಹಾಗೆ ಎಳೆದರೂ ಹರಿಯದಂತೆ ಬರುವುದು ಆ ಗ್ಲುಟೆನ್‌ನಿಂದಲೇ, ಹಾಗಾಗಿ ಗ್ಲುಟೆನ್ ಒಗ್ಗದವರಿಗೆ ಅದು ಬೇಡ.

ರಾಗಿ, ನವಣೆ, ಸಾಮೆ ಎಂದರೆ ಕಾರ್ಬ್ ಕಡಿಮೆ ಎಂದು ನಂಬಿದವರು ನಮ್ಮಲ್ಲಿ ಬಹಳ ಜನ. ನಾರು ಜೀರ್ಣವಾಗದ್ದರಿಂದ ಕಾರ್ಬ್ ಲೆಕ್ಕದಲ್ಲಿ ಅದನ್ನು ಕಳೆಯುತ್ತಾರೆ. 100 ಗ್ರಾಂ ರಾಗಿಯಲ್ಲಿ ನಾರನ್ನು ಕಳೆದರೂ ಕಾರ್ಬ್ 50 ಗ್ರಾಂ ದಾಟುತ್ತದೆ. ದಿನಕ್ಕೆ 30 ಗ್ರಾಂ ಲೆಕ್ಕ ಇಟ್ಟುಕೊಂಡವರಿಗೆ ಒಂದು ಮುದ್ದೆಯಲ್ಲೇ ಲೆಕ್ಕ ಮುಗಿಯಿತು. ರಾಗಿ ಒಳ್ಳೆಯ ಧಾನ್ಯವೇ, ಈ ಅಡುಗೆಗೆ ಮಾತ್ರ ಹೊಂದುವುದಿಲ್ಲ.

ಪೊಟ್ಟಣದ ಬಾದಾಮಿ ಹಿಟ್ಟಿಗೆ ಬಾದಾಮಿಯ ಬೆಲೆಯ ಮೇಲೆ ಇನ್ನಷ್ಟು ಕೊಡುವುದು ಕೇಕ್ ಮಾಡುವವರಿಗೆ ಮಾತ್ರ ಸರಿ. ಸಿಪ್ಪೆ ತೆಗೆದು ನುಣ್ಣಗೆ ಬೀಸಿದ ಹಿಟ್ಟು ಮನೆಯ ಮಿಕ್ಸಿಯಲ್ಲಿ ಬರುವುದು ಕಷ್ಟ. ರೊಟ್ಟಿ, ಬರ್ಫಿ, ಕುರ್ಮಾಕ್ಕೆ ಮನೆಯದೇ ಸಾಕು. ಕುದಿಯುವ ನೀರಿಗೆ ಬಾದಾಮಿ ಹಾಕಿ ಒಂದು ನಿಮಿಷ ಬಿಟ್ಟು ಬಸಿದರೆ ಸಿಪ್ಪೆ ಬೆರಳಲ್ಲೇ ಜಾರುತ್ತದೆ. ಆಮೇಲೆ ಪೂರ್ತಿ ಒಣಗಬೇಕು. ಒಳಗೆ ತೇವ ಉಳಿದರೆ ಹಿಟ್ಟಾಗದೆ ಮುದ್ದೆಯಾಗುತ್ತದೆ, ಡಬ್ಬಿಯಲ್ಲಿ ಬೂಷ್ಟೂ ಹಿಡಿಯುತ್ತದೆ. ಒಣಗಿದ್ದನ್ನು ಫ್ರಿಜ್‌ನಲ್ಲಿ ತಣ್ಣಗೆ ಮಾಡಿ, ಮಿಕ್ಸಿಯನ್ನು ಐದೈದು ಸೆಕೆಂಡು ತಿರುಗಿಸಿ ನಿಲ್ಲಿಸುತ್ತಾ ಪುಡಿ ಮಾಡಿ, ಜರಡಿ ಹಿಡಿಯಿರಿ. ಒಂದೇ ಸಮ ಓಡಿಸಿದರೆ ಜಾರ್ ಬಿಸಿಯಾಗಿ ಎಣ್ಣೆ ಬಿಟ್ಟು ಬಾದಾಮಿ ಬೆಣ್ಣೆ ಆಗುತ್ತದೆ. ರೊಟ್ಟಿಗೆ ಇನ್ನೂ ಅಗ್ಗದ ದಾರಿ ಶೇಂಗಾ. 100 ಗ್ರಾಂ ಶೇಂಗಾದಲ್ಲಿ 16 ಗ್ರಾಂ ಕಾರ್ಬ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಾರೇ. ಈರುಳ್ಳಿ, ಹಸಿಮೆಣಸು, ಜೀರಿಗೆ ಹಾಕಿ ತಟ್ಟುವ ತಾಲಿಪಟ್ಟಿಗೆ ಹೊಂದುತ್ತದೆ, ಕೇಕ್‌ಗೆ ಶೇಂಗಾ ವಾಸನೆ ಮುಂದಾಗುತ್ತದೆ.

ತೆಂಗಿನ ಹಿಟ್ಟಿನ ವಿಷಯದಲ್ಲೇ ಹೆಚ್ಚು ಜನ ಎಡವುವುದು. ಅಂಗಡಿಯ ಡೆಸಿಕೇಟೆಡ್ ಕೊಬ್ಬರಿ ಪುಡಿ ತೆಂಗಿನ ಹಿಟ್ಟಲ್ಲ. ಕೊಬ್ಬರಿ ಪುಡಿಯಲ್ಲಿ ಎಣ್ಣೆಯೇ ಅರ್ಧಕ್ಕಿಂತ ಹೆಚ್ಚು, ಹಿಟ್ಟು ಎಂದರೆ ಎಣ್ಣೆಯಂಶ ತೆಗೆದು ಒಣಗಿಸಿ ಬೀಸಿದ್ದು. ಒಂದರ ಬದಲು ಇನ್ನೊಂದು ಹಾಕಿದರೆ ರೊಟ್ಟಿ ಜಿಡ್ಡಾಗಿ ಒಡೆಯುತ್ತದೆ. ತೆಂಗಿನ ಹಾಲು ತೆಗೆದು ಸಾರು, ಪಾಯಸ ಮಾಡುವ ಮನೆಯಲ್ಲಿ ಇದನ್ನು ಕೊಳ್ಳುವ ಅಗತ್ಯವೇ ಇಲ್ಲ. ಹಿಂಡಿ ಉಳಿದ ತುರಿಯನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬಿಸಿಲಲ್ಲೋ ಸಣ್ಣ ಉರಿಯ ಓವನ್‌ನಲ್ಲೋ ಗರಿಗರಿ ಒಣಗಿಸಿ ಪುಡಿ ಮಾಡಿದರೆ ಅದೇ ತೆಂಗಿನ ಹಿಟ್ಟು. ಎರಡು ಸಲ ಹಾಲು ತೆಗೆದ ತುರಿಯೇ ಒಳ್ಳೆಯದು, ಒಂದೇ ಸಲ ಹಿಂಡಿದ್ದರಲ್ಲಿ ಎಣ್ಣೆ ಉಳಿದು ಬೇಗ ಕಮಟುತ್ತದೆ. ಈ ಹಿಟ್ಟು ನೀರು ಕುಡಿಯುವುದು ಬಹಳ. ಬಾದಾಮಿ ಹಿಟ್ಟು 1 ಬಟ್ಟಲು ಎಂದಿರುವ ಕಡೆ ಇದು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಸಾಕು, ಅದರ ಜೊತೆ ಮೊಟ್ಟೆ ಇಲ್ಲವೇ ನೀರು ಹೆಚ್ಚಿಸಬೇಕು.

ಈ ಅಡುಗೆಮನೆಯ ನಿಜವಾದ ಆಸ್ತಿ ಇಸಬ್ಗೋಲ್. ವಿದೇಶಿ ರೆಸಿಪಿಗಳಲ್ಲಿ ಸೈಲಿಯಂ ಹಸ್ಕ್ ಎಂದು ಬರೆದದ್ದು ನೋಡಿ ಆನ್‌ಲೈನ್‌ನಲ್ಲಿ ಹುಡುಕುವವರಿದ್ದಾರೆ. ಗುಜರಾತ್‌ನಲ್ಲಿ ತಯಾರಾಗಿ ಜಗತ್ತಿಗೆಲ್ಲ ಹೋಗುವ ಈ ಸರಕು ಯಾವ ಊರಿನ ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತದೆ. ಕಿತ್ತಳೆ ರುಚಿಯದು ಬೇಡ, ಅದರಲ್ಲಿ ಸಕ್ಕರೆಯೋ ಬೇರೆ ಸಿಹಿಯೋ ಸೇರಿರುತ್ತದೆ. ಬರೀ ಹೊಟ್ಟು ಕೇಳಿ ತನ್ನಿ.

ಇದರಲ್ಲಿ ಕೆಡುವುದು ಅಳತೆ. ಹೊಟ್ಟು ಹಗುರ, ಒಂದು ದೊಡ್ಡ ಚಮಚಕ್ಕೆ 5 ಗ್ರಾಂ ಬರುತ್ತದೆ. ಅದನ್ನೇ ಪುಡಿ ಮಾಡಿದರೆ ಅದೇ ಚಮಚಕ್ಕೆ 9 ಗ್ರಾಂನಷ್ಟು. ರೆಸಿಪಿ ಪುಡಿಯ ಲೆಕ್ಕದಲ್ಲಿದ್ದು ನೀವು ಹೊಟ್ಟನ್ನು ಚಮಚದಲ್ಲಿ ಅಳೆದರೆ ಕಣಕ ಕೂಡುವುದೇ ಇಲ್ಲ. ಮನೆಯಲ್ಲಿ ಗ್ರಾಂ ತೂಕದ ಪುಟ್ಟ ತಕ್ಕಡಿ ಇರಲಿ. ರೊಟ್ಟಿಗೆ ನಂಬಬಹುದಾದ ಅಳತೆ ಇದು: ತೆಂಗಿನ ಹಿಟ್ಟು 60 ಗ್ರಾಂ, ಇಸಬ್ಗೋಲ್ ಪುಡಿ 18 ಗ್ರಾಂ, ಉಪ್ಪು, ಎಣ್ಣೆ 1 ದೊಡ್ಡ ಚಮಚ, ಬಿಸಿ ನೀರು 240 ಮಿಲಿ. ಒಣ ಸಾಮಗ್ರಿಯನ್ನೆಲ್ಲ ಮೊದಲು ಚೆನ್ನಾಗಿ ಬೆರೆಸಿಕೊಳ್ಳಿ. ಇಸಬ್ಗೋಲ್ ಮೇಲೆ ನೇರ ನೀರು ಬಿದ್ದರೆ ಹೊರಗೆ ಲೋಳೆ ಒಳಗೆ ಒಣಪುಡಿಯಿರುವ ಗಂಟುಗಳಾಗುತ್ತವೆ, ಎಷ್ಟು ನಾದಿದರೂ ಒಡೆಯುವುದಿಲ್ಲ. ನೀರು ಸೇರಿಸಿದಾಗ ಕಣಕ ಅಂಟಂಟಾಗಿ ಕಾಣುತ್ತದೆ. ಹೆದರಿ ಹಿಟ್ಟು ಸುರಿಯಬೇಡಿ, ಮುಚ್ಚಿ 10 ನಿಮಿಷ ಬಿಡಿ, ತಾನೇ ಬಿಗಿಯುತ್ತದೆ. ನಾಲ್ಕೈದು ಉಂಡೆ ಮಾಡಿ, ಎರಡು ಬಟರ್ ಪೇಪರ್ ನಡುವೆ ಲಟ್ಟಿಸಿ. ಬಾಳೆ ಎಲೆಯ ಮೇಲೆ ಅಕ್ಕಿ ರೊಟ್ಟಿಯಂತೆ ತಟ್ಟಿದರೂ ಬರುತ್ತದೆ. ಅಂಚು ಬಿರುಕು ಬಿಟ್ಟರೆ ನೀರು ಕಡಿಮೆ, ಒಂದು ಚಮಚ ಬಿಸಿ ನೀರು ಚಿಮುಕಿಸಿ ಮತ್ತೆ ನಾದಿ. ತವಾ ಹದವಾದ ಉರಿಯಲ್ಲಿರಲಿ, ಒಂದೊಂದು ಬದಿ ಎರಡು ಮೂರು ನಿಮಿಷ. ದೊಡ್ಡ ಉರಿಯಲ್ಲಿ ಹೊರಗೆ ಸೀದು ಒಳಗೆ ಜಿಗುಟು ಉಳಿಯುತ್ತದೆ. ಕೆಲವು ಬ್ರ್ಯಾಂಡಿನ ಇಸಬ್ಗೋಲ್ ಬೆಂದಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅಪಾಯವೇನಿಲ್ಲ, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ. ಬ್ರ್ಯಾಂಡ್ ಬದಲಿಸಿ ನೋಡಿ. ಇದನ್ನು ತಿಂದ ದಿನ ನೀರು ಸಾಕಷ್ಟು ಕುಡಿಯಬೇಕು, ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಕಾರ್ಬ್ ಇಳಿಸುವ ಮೊದಲೇ ವೈದ್ಯರನ್ನು ಕೇಳಲಿ, ಅದೇ ಡೋಸ್ ಮುಂದುವರಿಸಿದರೆ ಸಕ್ಕರೆ ವಿಪರೀತ ಇಳಿಯಬಹುದು.

ಕಣಕಕ್ಕೆ ಅಂಟು ಕೊಡುವ ಕ್ಸಾಂಥನ್ ಗಮ್ ಪುಡಿ ಸಿಗಲಿಲ್ಲ ಎಂದು ಕೈಬಿಟ್ಟ ರೆಸಿಪಿಗೂ ಇಸಬ್ಗೋಲ್ ಪುಡಿಯನ್ನೇ ಎರಡರಷ್ಟು ಹಾಕಿ ನಡೆಸಬಹುದು. ಕ್ಸಾಂಥನ್ ಬೇಕೇ ಬೇಕೆಂದರೆ ಕೇಕ್ ಸಾಮಾನಿನ ಅಂಗಡಿಯಲ್ಲಿ ಕೇಳಿ.

ಫ್ಲ್ಯಾಕ್ಸ್ ಮೀಲ್ ಎಂಬ ಚೆಂದದ ಡಬ್ಬಿಗೆ ಒಂದು ರೂಪಾಯಿಯೂ ಕೊಡಬೇಡಿ. ಅದು ನಮ್ಮ ಅಗಸೆ. ಧಾರವಾಡ, ಗದಗ ಕಡೆ ಅಗಸಿ ಚಟ್ನಿಪುಡಿ ಇಲ್ಲದ ಮನೆ ಕಡಿಮೆ. ನಾರು ಕಳೆದರೆ 100 ಗ್ರಾಂಗೆ ಉಳಿಯುವ ಕಾರ್ಬ್ 2 ಗ್ರಾಂ ಒಳಗೆ, ಈ ಸಾಲಿನ ಬೇರೆ ಯಾವ ಬೀಜವೂ ಇಷ್ಟು ಕೆಳಗಿಲ್ಲ. ಪುಡಿಯಾದ ಮೇಲೆ ಅದರ ಎಣ್ಣೆ ಬೇಗ ಕೆಡುವುದರಿಂದ ಇಡೀ ಬೀಜ ತಂದು ವಾರಕ್ಕಾಗುವಷ್ಟೇ ಪುಡಿ ಮಾಡಿ ಫ್ರಿಜ್‌ನಲ್ಲಿಡಿ. ಮೀನಿನ ವಾಸನೆ, ಕಹಿ ಬಂದರೆ ಎಸೆಯಿರಿ. ಮೊಟ್ಟೆ ತಿನ್ನದವರಿಗೆ 1 ದೊಡ್ಡ ಚಮಚ ಪುಡಿ, 3 ದೊಡ್ಡ ಚಮಚ ನೀರು, ಹತ್ತು ನಿಮಿಷ: ಅಂಟು ಬರುತ್ತದೆ, ಆದರೆ ಮೊಟ್ಟೆಯಂತೆ ಉಬ್ಬಿಸುವುದಿಲ್ಲ. ಮೂರಕ್ಕಿಂತ ಹೆಚ್ಚು ಮೊಟ್ಟೆ ಹೇಳಿದ ಕೇಕ್‌ಗೆ ಇದನ್ನು ನಂಬಬೇಡಿ.

ದುಡ್ಡು ಕೊಟ್ಟು ತರಲೇಬೇಕಾದದ್ದು ಸಕ್ಕರೆಯ ಬದಲು ಹಾಕುವ ಎರಿಥ್ರಿಟಾಲ್ ಎಂಬ ಸಿಹಿಪುಡಿ. ಬೆಲ್ಲವೂ ಜೇನೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತವೆ. ಸ್ಟೀವಿಯಾ ಎಂಬ ಸಿಹಿ ಎಲೆಯ ಪೊಟ್ಟಣಗಳಲ್ಲಿ ಗಾತ್ರ ತುಂಬಲು ಡೆಕ್ಸ್‌ಟ್ರೋಸ್ ಅಥವಾ ಮಾಲ್ಟೊಡೆಕ್ಸ್‌ಟ್ರಿನ್ ಬೆರೆಸಿದ್ದು ಸಾಮಾನ್ಯ, ಅವೂ ಕಾರ್ಬ್‌ಗಳೇ. ಸಕ್ಕರೆ ರಹಿತ ಎಂಬ ಮಿಠಾಯಿಗಳಲ್ಲಿ ಬರುವ ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಸ್ವಲ್ಪ ಏರಿಸುವುದೂ ಹೌದು, ಹೊಟ್ಟೆ ಕೆಡಿಸುವುದೂ ಹೌದು. ಎರಿಥ್ರಿಟಾಲ್ ಸಿಹಿ ಸಕ್ಕರೆಯ 70 ಪ್ರತಿಶತ, ಅಂದರೆ 100 ಗ್ರಾಂ ಸಕ್ಕರೆಯ ಜಾಗಕ್ಕೆ 140 ಗ್ರಾಂನಷ್ಟು. ನಾಲಿಗೆಗೆ ತಣ್ಣನೆ ಹತ್ತುತ್ತದೆ. ಆರಿದಾಗ ಮತ್ತೆ ಹರಳಾಗಿ ಪಾಯಸ ಮರಳು ಮರಳಾಗಬಾರದೆಂದರೆ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಸಿಹಿ ಸ್ವಲ್ಪ ಕಡಿಮೆಯೇ ಹಾಕಿ. ಇದರಿಂದ ಎಳೆ ಪಾಕ ಬರುವುದಿಲ್ಲ, ಕುದಿಸಿದಷ್ಟೂ ನೀರಾಗಿಯೇ ಇದ್ದು ಆರಿದ ಕೂಡಲೇ ಗಡ್ಡೆ ಕಟ್ಟುತ್ತದೆ. ಆದ್ದರಿಂದ ಮೈಸೂರು ಪಾಕಿನ ಆಸೆ ಬಿಡಿ, ಪಾಕ ಬೇಡದ ತೆಂಗು ಬಾದಾಮಿ ಬರ್ಫಿ ಮಾಡಿ.

ಕ್ರೀಮ್ ಕೊಳ್ಳುವಾಗ ಕೊಬ್ಬಿನ ಪ್ರಮಾಣ ನೋಡಿ. ಅಮೂಲ್ ಫ್ರೆಶ್ ಕ್ರೀಮ್‌ನಲ್ಲಿರುವುದು 25 ಪ್ರತಿಶತ. ಗ್ರೇವಿಗೆ ಸಾಕು, ಎಷ್ಟು ಕಡೆದರೂ ಉಬ್ಬುವುದಿಲ್ಲ, ಅದಕ್ಕೆ ಕನಿಷ್ಠ 30 ಇರುವುದು ಬೇಕು. ಕ್ರೀಮ್ ಚೀಸ್ ಬದಲು ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್‌ನಲ್ಲಿ ನೇತುಹಾಕಿ, ಮೆತ್ತನೆ ಪನೀರ್ ಜೊತೆ ಮಿಕ್ಸಿಗೆ ಹಾಕಿದರೆ ಸಾಕು. ಕೊಂಜಾಕ್ ಎಂಬ ಗಡ್ಡೆಯ ಹಿಟ್ಟಿನ ನೂಡಲ್ಸ್ ಮಾತ್ರ ಕೊಡುವ ದುಡ್ಡಿಗೆ ತೀರಾ ಸಪ್ಪೆ. ಅದರ ಬದಲು ಎಳೆ ಸೋರೆಕಾಯಿಯನ್ನು ಉದ್ದುದ್ದ ಎಳೆಯಾಗಿ ಹೆಚ್ಚಿ, ಉಪ್ಪು ಹಚ್ಚಿ ಕಾಲು ಗಂಟೆ ಬಿಟ್ಟು ಹಿಂಡಿ, ದೊಡ್ಡ ಉರಿಯಲ್ಲಿ ಎರಡು ನಿಮಿಷ ಬಾಡಿಸಿ. ಮುಚ್ಚಳ ಹಾಕಿದರೆ ನೀರು ಬಿಟ್ಟು ಪಲ್ಯವಾಗುತ್ತದೆ.