ನೆಟ್‌ವರ್ಕ್ ಎಂದು ಹೇಳಿ ಟಿವಿ ಕೇಬಲ್ ಎಳೆದು ಹೋದರು, ಎಚ್ಚರ!

ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಲು ಕೋಆಕ್ಸಿಯಲ್ ಕೇಬಲ್ (ನಡುವೆ ಒಂದು ತಂತಿ, ಸುತ್ತ ಲೋಹದ ಜಾಲರಿ ಇರುವುದು) ಹಾಕಿಸಲು ಹೊರಟವರು ದಯವಿಟ್ಟು ಇದನ್ನು ಓದಿ. ನಮ್ಮ ಕೆಲವು ಹಳೆಯ ಯಂತ್ರಗಳಲ್ಲಿ ಬಿಎನ್‌ಸಿ ಕಾರ್ಡ್ (ಈ ಕೇಬಲ್ ಸಿಕ್ಕಿಸುವ ನೆಟ್‌ವರ್ಕ್ ಕಾರ್ಡ್) ಬಿಟ್ಟರೆ ಬೇರೆ ದಾರಿಯಿಲ್ಲ. ಸಾಲಿನ ಒಟ್ಟು ಉದ್ದ 185 ಮೀಟರ್ ದಾಟದಂತೆ ನಾನೇ ನಕ್ಷೆ ಬಿಡಿಸಿ, ಆರ್‌ಜಿ-58 ಎಂಬ ಬಗೆಯ, 50 ಓಮ್ (ಸಂಕೇತಕ್ಕೆ ಕೇಬಲ್ ಒಡ್ಡುವ ತಡೆಯ ಅಳತೆ) ಕೇಬಲ್ಲೇ ಆಗಬೇಕು ಎಂದು ಬರೆದುಕೊಟ್ಟಿದ್ದೆ. ಬರೆದುಕೊಟ್ಟಿದ್ದೆ! ಗುತ್ತಿಗೆದಾರರು ಬಿಲ್ಲಿನಲ್ಲೂ ಅದನ್ನೇ ನಮೂದಿಸಿದರು.

ಕೆಲಸ ಮುಗಿದ ದಿನ ಎರಡು ಯಂತ್ರಗಳ ನಡುವೆ ಚಿಕ್ಕದೊಂದು ಫೈಲ್ ಕಳುಹಿಸಿ ತೋರಿಸಿದರು, ಹಣ ಎಣಿಸಿಕೊಂಡು ಹೋದರು. ಎಲ್ಲರೂ ಒಟ್ಟಿಗೆ ಕೆಲಸಕ್ಕೆ ಕುಳಿತಾಗ ಬಣ್ಣ ಬಯಲಾಯಿತು. ಫೈಲ್‌ಗಳು ಅರ್ಧಕ್ಕೇ ನಿಂತವು, ಆಗಾಗ ಇಡೀ ಸಾಲೇ ಸ್ತಬ್ಧ. ಫೋನ್ ಮಾಡಿದರೆ, "ನಿಮ್ಮ ಕಾರ್ಡ್‌ಗಳೇ ಹಳೆಯವು ಸಾರ್, ಬದಲಾಯಿಸಿ." ಸಹೋದ್ಯೋಗಿಗಳೆಲ್ಲ ನನ್ನ ಮುಖ ನೋಡುತ್ತಿದ್ದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಕೊನೆಗೆ ಯಂತ್ರಗಳನ್ನೆಲ್ಲ ಆಫ್ ಮಾಡಿ, ಓಮ್ ಅಳೆಯುವ ಮೀಟರ್ ಹಿಡಿದೆ. ಎರಡು ತುದಿಗಳಲ್ಲೂ 50 ಓಮ್ ಟರ್ಮಿನೇಟರ್ (ಸಂಕೇತ ಹಿಂದಕ್ಕೆ ಪುಟಿಯದಂತೆ ಸಾಲಿನ ತುದಿಗೆ ಹಾಕುವ ಮುಚ್ಚಳ) ಇದ್ದರೆ ನಡುತಂತಿಗೂ ಹೊರಜಾಲರಿಗೂ ನಡುವೆ ಸುಮಾರು 25 ಓಮ್ ತೋರಿಸಬೇಕು. ತೋರಿಸಿದ್ದು 50ರ ಮೇಲೆ. ಬೀರುವಿನ ಹಿಂದೆ ಕೈ ಹಾಕಿದರೆ ಕೇಬಲ್ಲನ್ನು ಕಾರ್ಡಿಗೆ ಸೇರಿಸುವ ಕೊನೆಯ ಟಿ ಆಕಾರದ ಕನೆಕ್ಟರ್ ಟರ್ಮಿನೇಟರ್ ಇಲ್ಲದೆ ಬಾಯಿ ತೆರೆದುಕೊಂಡೇ ಇದೆ! ಕೇಳಿದ್ದಕ್ಕೆ ಬಂದ ಉತ್ತರ: "ಅಲ್ಲಿಂದ ಮುಂದೆ ಕಂಪ್ಯೂಟರ್ ಇಲ್ಲವಲ್ಲ, ಅದೇಕೆ ಬೇಕು?"

ಟರ್ಮಿನೇಟರ್ ಹಾಕಿದ ಮೇಲೂ ತೊಂದರೆ ನಿಲ್ಲಲಿಲ್ಲ. ಚಾವಣಿಯ ಹಲಗೆ ಸರಿಸಿ ಟಾರ್ಚ್ ಬಿಟ್ಟೆ. ಕೇಬಲ್ಲಿನ ಮೈಮೇಲೆ ಬಿಳಿ ಅಕ್ಷರದಲ್ಲಿ ಆರ್‌ಜಿ-59, 75 ಓಮ್! ಟಿವಿಗೆ ಎಳೆಯುವ ಕೇಬಲ್. ಮೇಜುಗಳ ಬಳಿ ಕಣ್ಣಿಗೆ ಬೀಳುವ ತುಂಡುಗಳು ಮಾತ್ರ ಆರ್‌ಜಿ-58. ತಿಳಿಯದೆ ಆದದ್ದಲ್ಲ ಇದು. ತಿಳಿದೇ ಮುಚ್ಚಿಟ್ಟಿದ್ದಾರೆ. ಹಲಗೆ ಹಿಡಿದುಕೊಂಡು ಏಣಿಯ ಮೇಲೆ ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

"ಎರಡೂ ಕೋಆಕ್ಸಿಯಲ್ ತಾನೇ ಸಾರ್? ಟಿವಿ ಚಿತ್ರವೇ ಬರುತ್ತದೆ, ನಿಮ್ಮ ಫೈಲ್ ಬರುವುದಿಲ್ಲವೇ?" ಹೀಗೆಂದರು! 50 ಮತ್ತು 75 ಸೇರುವ ಪ್ರತಿ ಜಾಗದಲ್ಲೂ ಸಂಕೇತದ ಒಂದು ಪಾಲು ಹಿಂದಕ್ಕೆ ಪುಟಿಯುತ್ತದೆ, ದತ್ತಾಂಶ ಕೆಡುತ್ತದೆ ಎಂದು ವಿವರಿಸಿದೆ. "ಅದೆಲ್ಲ ಪುಸ್ತಕದ ಮಾತು" ಎಂದು ಫೋನ್ ಇಟ್ಟರು.

ಚಾವಣಿ ಮುಚ್ಚುವ ಮೊದಲೇ ಕೇಬಲ್ ಮೇಲಿನ ಅಕ್ಷರ ಓದಿ. ತುದಿಯಲ್ಲಿ ಅಲ್ಲ, ನಡುವಿನಲ್ಲಿ. ಮೀಟರ್ ಲೆಕ್ಕ ಅವರ ಎದುರಿಗೇ ನೋಡಿ. ಎಲ್ಲ ಯಂತ್ರಗಳೂ ಒಟ್ಟಿಗೆ ಓಡುವವರೆಗೆ ಪೂರ್ತಿ ಹಣ ಕೊಡಬೇಡಿ, ಎಷ್ಟೇ ನಯವಾಗಿ ಮಾತನಾಡಲಿ.

ಈಗ ಕೇಬಲ್ ಬಿಚ್ಚಿ ಹೊಸದು ಎಳೆಯಲು ಮತ್ತೆ ಕೂಲಿ ಕೇಳುತ್ತಿದ್ದಾರೆ. ಕೊಡುವುದಿಲ್ಲ.